ಮನೆ ಎಳೆದು ನೋಡು

ಪುರೋಹಿತರು ಕೇಳಿದ್ದು ಒಂದೇ ಪ್ರಶ್ನೆ. "ಇದಕ್ಕೆ ವಾಹನ ಪೂಜೆನೋ, ಗೃಹಪ್ರವೇಶನೋ?"

ಭಾವ ಅಕ್ಕನ ಮುಖ ನೋಡಿದರು. ಅಕ್ಕ ನನ್ನ ಮುಖ ನೋಡಿದಳು. ನಾನು ಡಲ್ಲಾಸಿನ ದೇವಸ್ಥಾನದ ಪಾರ್ಕಿಂಗಿನಲ್ಲಿ ಹತ್ತು ಕಾರುಗಳ ಜಾಗ ನುಂಗಿ ನಿಂತಿದ್ದ ಆ ನಲವತ್ತು ಅಡಿಯ ವಸ್ತುವಿನ ಮುಖ ನೋಡಿದೆ. ಕೆಳಗೆ ಟೈರಿತ್ತು. ಒಳಗೆ ಅಡುಗೆಮನೆ, ಸೋಫಾ, ಮಂಚ, ಕಮೋಡು ಎಲ್ಲ ಇತ್ತು. ನಿಂಬೆಹಣ್ಣು ಇಡೋಣ ಎಂದರೆ ಅದರದ್ದು ನಾಲ್ಕು ಗಾಲಿ, ಎಳೆಯುವ ಟ್ರಕ್ಕಿನದ್ದು ಆರು. ಹಾಲು ಉಕ್ಕಿಸೋಣ ಎಂದರೆ ಮೂರು ಬರ್ನರಿನ ಒಲೆ.

"ಎರಡೂ ಮಾಡಿಬಿಡಿ ಸ್ವಾಮಿ" ಎಂದರು ಭಾವ. ದಕ್ಷಿಣೆಯೂ ಎರಡಾಯಿತು.

ಹೊರಗೆ ಹತ್ತು ನಿಂಬೆಹಣ್ಣು ಅಪ್ಪಚ್ಚಿಯಾದವು. ಒಳಗೆ ಹಾಲಿಟ್ಟರು. ಹಾಲು ಪೂರ್ವಕ್ಕೆ ಉಕ್ಕಬೇಕು ಎನ್ನುವುದು ಅಕ್ಕನ ಆಸೆ. ಆದರೆ ಗಾಡಿ ಪಶ್ಚಿಮಕ್ಕೆ ವಾಲಿ ನಿಂತಿತ್ತು. ಭಾವ ತಕ್ಷಣ ಹೊರಗೆ ಓಡಿ ಒಂದು ಗುಂಡಿ ಒತ್ತಿದರು. ಹೈಡ್ರಾಲಿಕ್ ಕಾಲುಗಳು ಗುರ್ ಎಂದು ಮೇಲೆದ್ದವು. ಮನೆ ಮನೆಯೇ ಪೂರ್ವಕ್ಕೆ ಬಾಗಿತು. ಹಾಲು ಉಕ್ಕಿತು, ಒಲೆ ಆರಿತು, ಗ್ಯಾಸ್ ಅಲಾರಂ ಕಿರುಚಿಕೊಂಡಿತು. ಪುರೋಹಿತರು "ಶುಭ, ಶುಭ" ಎನ್ನುತ್ತಲೇ ಮೆಟ್ಟಿಲಿಳಿದು ಹೊರಟರು. ದಿಕ್ಕಿಗೆ ತಕ್ಕಂತೆ ಮನೆ ಕಟ್ಟುವುದು ನೋಡಿದ್ದೆ. ಹಾಲಿಗೆ ತಕ್ಕಂತೆ ಮನೆ ಬಾಗಿಸಿದ್ದು ಅವತ್ತೇ ಮೊದಲು.

ಟ್ರಕ್ಕಿಗೆ ಸಿಕ್ಕಿಸಿ ಎಳೆದೊಯ್ಯುವ ಈ ಮನೆಯ ಹೆಸರು ಫಿಫ್ತ್ ವೀಲ್. ಐದನೇ ಚಕ್ರ. ಸುತ್ತಲೂ ಹುಡುಕಿದರೂ ಐದನೇ ಚಕ್ರ ಸಿಗುವುದಿಲ್ಲ. ಕುದುರೆ ಸಾರೋಟಿನ ಕಾಲದಲ್ಲಿ ಮುಂದಿನ ಅಚ್ಚಿನ ಮೇಲೆ ಬಳೆಯಂಥ ಒಂದು ಚಕ್ರವನ್ನು ಅಡ್ಡ ಮಲಗಿಸುತ್ತಿದ್ದರು, ಗಾಡಿ ತಿರುಗಲಿ ಅಂತ. ಅದರ ಹೆಸರು ಉಳಿದುಕೊಂಡಿದೆ. ಈಗ ಅದು ಪಿಕಪ್ ಟ್ರಕ್ಕಿನ ಬೆನ್ನಿನ ಮೇಲೆ ಕೂರುವ ಕಬ್ಬಿಣದ ಕೊಂಡಿ. ಇಲ್ಲದ ಚಕ್ರದ ಹೆಸರಿನಲ್ಲಿ ಮಾರುವ ಮನೆ ಇದು ಅಂತ ನನಗೆ ಅವತ್ತೇ ಹೊಳೆಯಬೇಕಿತ್ತು.

ಭಾವ ರಿಟೈರ್ ಆದ ಮೇಲೆ ಮನೆ ಮಾರಿ ಇದನ್ನು ಕೊಂಡರು. ಇನ್ನು ಮುಂದೆ ಇದರಲ್ಲೇ ವಾಸ. ಇಂಥವರನ್ನು ಅಮೆರಿಕದಲ್ಲಿ ಫುಲ್‌ಟೈಮರ್ ಎನ್ನುತ್ತಾರೆ. ಚಳಿಗೆ ಅರಿಜೋನಾ, ಬೇಸಿಗೆಗೆ ಮೊಂಟಾನಾ. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ನಾನು ಎರಡೂ ನೋಡಿದೆ ಕಣೋ. ಈಗ ಮನೆ ಎಳೆದು ನೋಡ್ತೀನಿ" ಎಂದರು.

ನಾನು ಕೇಳಿದ್ದು ಮನೆಯವರೆಲ್ಲ ಕೇಳುವ ಪ್ರಶ್ನೆಯೇ. "ಭಾವ, ಇದು ಬಾಳಿಕೆ ಬರುತ್ತಾ? ದಿನಾ ಇದರಲ್ಲೇ ಇದ್ದರೆ ತಡಿಯುತ್ತಾ?"

ಭಾವ ಗೋಡೆಯನ್ನು ಬೆರಳಿನಿಂದ ತಟ್ಟಿ ತೋರಿಸಿದರು. ಟೊಳ್ಳು ಸದ್ದು ಬಂತು. "ನೋಡು, ಫೈಬರ್‌ಗ್ಲಾಸ್" ಎಂದರು.

ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಎಲ್ಲೂ ಅಲೆಯಬೇಕಾಗಿಲ್ಲ. ಮಾಡಿದವರೇ ಬರೆದು ಕೊಟ್ಟಿರುತ್ತಾರೆ. ಬಣ್ಣದ ಬ್ರೋಷರಿನಲ್ಲಿ ಅಲ್ಲ. ಅದರಲ್ಲಿ ಹಿಮ ಸುರಿಯುತ್ತಿರುತ್ತದೆ, ಒಳಗೆ ಬೆಂಕಿಗೂಡಿನ ಮುಂದೆ ಗಂಡ ಹೆಂಡತಿ ಕಾಫಿ ಕುಡಿಯುತ್ತಿರುತ್ತಾರೆ. ಬೆಂಕಿಗೂಡು ಎಂದರೆ ಟಿವಿ ಕೆಳಗಿನ ಎಲ್‌ಇಡಿ ದೀಪ, ಜ್ವಾಲೆಯೂ ಬಲ್ಬಿನದ್ದೇ. "ನಾಲ್ಕೂ ಋತುಗಳಿಗೆ" ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಯಾವ ನಾಲ್ಕು ಋತು, ಯಾವ ಊರಿನ ಋತು ಎಂದು ಯಾರೂ ಹೇಳುವುದಿಲ್ಲ. ಮಂಚಕ್ಕೆ ಕ್ವೀನ್ ಎಂಬ ಹೆಸರು. ಅಮೆರಿಕದ ಮಂಚದ ಅಂಗಡಿಯ ಕ್ವೀನ್‌ಗಿಂತ ಇದು ಸುಮಾರು ಐದು ಇಂಚು ಮೋಟು. ರಾಣಿಯ ಪಾದ ಕತ್ತರಿಸಿ ಕೂರಿಸಿದ್ದಾರೆ. ಅಕ್ಕ ಮನೆಯಿಂದ ತಂದ ಬೆಡ್‌ಶೀಟುಗಳೆಲ್ಲ ಈಗ ಸುಕ್ಕು ಸುಕ್ಕು.

ಉತ್ತರ ಇರುವುದು ವಾರಂಟಿ ಪುಸ್ತಕದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಅದನ್ನು ಓದಿದ ಮೊದಲ ಮನುಷ್ಯ ಬಹುಶಃ ನಾನೇ ಇರಬೇಕು. ಇದು ಮನರಂಜನೆಗೆ, ತಾತ್ಕಾಲಿಕ ಬಳಕೆಗೆ ಮಾತ್ರ. ಕಾಯಂ ವಾಸ ಮಾಡಿದರೆ ವಾರಂಟಿ ಇಲ್ಲ. ಒಂದಲ್ಲ, ಹಲವು ಕಂಪನಿಗಳ ಪುಸ್ತಕಗಳಲ್ಲಿ ಇದೇ ಮಾತು. ವಾಷಿಂಗ್ ಮಷೀನಿಗೆ ನಲ್ಲಿ ಕೊಟ್ಟಿದ್ದಾರೆ, ಎರಡು ಬಾಗಿಲಿನ ಫ್ರಿಜ್ ಕೊಟ್ಟಿದ್ದಾರೆ, ಕೋಟು ಸಾಲಾಗಿ ನೇತುಹಾಕುವಷ್ಟು ದೊಡ್ಡ ಬೀರು ಕೊಟ್ಟಿದ್ದಾರೆ. ಶನಿವಾರ ಹೋಗಿ ಭಾನುವಾರ ಬರುವವರಿಗೆ, ಪಾಪ, ಇದೆಲ್ಲ ಬೇಕಲ್ವಾ? ಅದನ್ನು ಬಳಸಿದರೆ ಮಾತ್ರ ತಪ್ಪು. ಒಬ್ಬಟ್ಟು ಬಡಿಸಿ, "ತಿನ್ನುವುದಕ್ಕಲ್ಲ, ನೋಡುವುದಕ್ಕೆ" ಎಂದ ಹಾಗೆ. ಕಾಯಂ ವಾಸಕ್ಕೂ ವಾರಂಟಿ ಕೊಡುವ ಕಂಪನಿಗಳು ಇಲ್ಲವೆಂದಲ್ಲ, ಬೆರಳೆಣಿಕೆಯಷ್ಟಿವೆ. ಭಾವನವರದ್ದು ಆ ಬೆರಳುಗಳಲ್ಲಿ ಇರಲಿಲ್ಲ.

ಕಂಪನಿಯನ್ನು ಮಾತ್ರ ಬೈದರೆ ಅನ್ಯಾಯವಾಗುತ್ತದೆ. ಅಮೆರಿಕದ ಸರ್ಕಾರವನ್ನೇ ಕೇಳಿ ನೋಡಿ. ಅಲ್ಲಿನ ವಸತಿ ಇಲಾಖೆ 2018ರಲ್ಲಿ ನಿಯಮವನ್ನು ಬಿಡಿಸಿ ಹೇಳಿತು. ಇಂಥ ಗಾಡಿ ಬರೀ ಮನರಂಜನೆಗೆ, ಮುಖ್ಯ ವಾಸಕ್ಕಲ್ಲ, ಕಾಯಂ ವಾಸಕ್ಕೂ ಅಲ್ಲ. ಸರಿ ಎಂದು ಪಕ್ಕದ ತೆರಿಗೆ ಇಲಾಖೆಗೆ ಹೋಗಿ. ಮಲಗುವ ಜಾಗ ಇದೆಯಾ? ಇದೆ. ಅಡುಗೆಗೆ ಜಾಗ? ಇದೆ. ಟಾಯ್ಲೆಟ್? ಇದೆ. ಹಾಗಾದರೆ ಮನೆ! ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಕೇಳಬಹುದು. ಒಂದೇ ಸರ್ಕಾರ, ಎರಡು ಕಿಟಕಿ. ಒಂದರಲ್ಲಿ ಮನೆ, ಇನ್ನೊಂದರಲ್ಲಿ ಆಟದ ಸಾಮಾನು.

ಬ್ಯಾಂಕಿನವರು ಇವರೆಲ್ಲರಿಗಿಂತ ಉದಾರಿಗಳು. 20 ವರ್ಷದ ತನಕ ಸಾಲ ಕೊಡುತ್ತಾರೆ. ವಾರಂಟಿ ಸಾಮಾನ್ಯವಾಗಿ 1 ವರ್ಷ. ಗಾಡಿ ನಿಲ್ಲಿಸಲು ಬಾಡಿಗೆಗೆ ಜಾಗ ಕೊಡುವ ಪಾರ್ಕುಗಳಿವೆಯಲ್ಲ, ಅವುಗಳಲ್ಲಿ ಎಷ್ಟೋ ಕಡೆ ಹತ್ತು ವರ್ಷದ ನಿಯಮವಿದೆ. ಹತ್ತು ವರ್ಷಕ್ಕಿಂತ ಹಳೆಯ ಗಾಡಿಗೆ ಪ್ರವೇಶವಿಲ್ಲ, ನೋಡಲು ಚೆನ್ನಾಗಿರುವುದಿಲ್ಲವಂತೆ. ಲೆಕ್ಕ ಹಾಕಿ. ಮೊದಲ ವರ್ಷ ಕಂಪನಿ ಜವಾಬ್ದಾರಿ, ಆಮೇಲೆ ಒಂಬತ್ತು ವರ್ಷ ದೇವರ ಜವಾಬ್ದಾರಿ, ಅದಾದ ಮೇಲೆ ಗೇಟಿನೊಳಗೂ ಬಿಡದ ಮನೆಗೆ ಇನ್ನೂ ಹತ್ತು ವರ್ಷ ಕಂತು. ಸ್ವಂತ ಜಮೀನಿನಲ್ಲಿ ನಿಲ್ಲಿಸಿಕೊಳ್ಳೋಣ ಎಂದರೆ ಬಹಳಷ್ಟು ಊರುಗಳ ಕಾನೂನು ಅದರೊಳಗೆ ವಾಸ ಮಾಡಲು ಬಿಡುವುದಿಲ್ಲ. ಕಾಡಿನ ಸರ್ಕಾರಿ ಜಾಗಕ್ಕೆ ಹೋದರೆ ಸಾಮಾನ್ಯವಾಗಿ 14 ದಿನ, ಆಮೇಲೆ ಜಾಗ ಖಾಲಿ ಮಾಡಬೇಕು. ಪಾಂಡವರಿಗೆ ವನವಾಸ ಕೊಟ್ಟವರೂ ಇಷ್ಟು ಬೇಗ ಎಬ್ಬಿಸಿರಲಿಲ್ಲ.

ವಿಳಾಸದ ಕಥೆ ಬೇರೆ. ಮನೆ ಉರುಳುತ್ತಿರುವಾಗ ವಿಳಾಸ ಎಲ್ಲಿಂದ ತರುವುದು? ಅದಕ್ಕೆ ಸೌತ್ ಡಕೋಟಾ ಇದೆ. ಅಲ್ಲೊಂದು ಟಪಾಲು ವಿಳಾಸ ಬಾಡಿಗೆಗೆ ಹಿಡಿದು, ಒಂದು ರಾತ್ರಿ ತಂಗಿದ ರಸೀದಿ ತೋರಿಸಿದರೆ ಡ್ರೈವಿಂಗ್ ಲೈಸೆನ್ಸ್ ಸಿಗುತ್ತದೆ. ನಮ್ಮಕ್ಕ ಒಂದೇ ರಾತ್ರಿ ಮಲಗಿ, ಸೊಳ್ಳೆ ಕಚ್ಚಿಸಿಕೊಂಡು, ಸೌತ್ ಡಕೋಟಾದವಳಾಗಿ ಬಂದಳು. ಮೂವತ್ತು ವರ್ಷ ಬಾಳಿದ ಟೆಕ್ಸಸ್ ಈಗ ಪರವೂರು.

ಇನ್ನು ಗಾಡಿ ಹುಟ್ಟುವ ಊರಿಗೆ ಬರೋಣ. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್. ಅಮೆರಿಕದ ಇಂಥ ಮನೆಗಾಡಿಗಳಲ್ಲಿ ಹತ್ತಕ್ಕೆ ಎಂಟು ಈ ಊರಿನ ಸುತ್ತಮುತ್ತಲೇ ತಯಾರಾಗುತ್ತವೆ. ಕೆಲಸಗಾರರಲ್ಲಿ ಅಮಿಶ್ ಜನ ಬಹಳ, ಹೊಸ ಯಂತ್ರಗಳಿಂದ ದೂರ ಇರುವ ಕ್ರೈಸ್ತ ಪಂಗಡ. ಅವರ ಮನೆಯಲ್ಲಿ ಕರೆಂಟಿಲ್ಲ, ಓಡಾಡುವುದು ಕುದುರೆ ಗಾಡಿಯಲ್ಲಿ. ನಾಲ್ಕು ಟಿವಿಯ ಅರಮನೆಗೆ ವೈರು ಎಳೆದು ಮುಗಿಸಿ, ಕುದುರೆ ಹೂಡಿಕೊಂಡು ಮನೆಗೆ ಹೋಗುತ್ತಾರೆ. ನಿಜವಾದ ಐದನೇ ಚಕ್ರದ ಮೇಲೆ ಕೂತು ಹೋಗುವವರು ಅವರೇ. ಕೆಲಸ ಬೆಳಗಿನ ಜಾವಕ್ಕೇ ಶುರು. ಎಷ್ಟೋ ಕಾರ್ಖಾನೆಗಳಲ್ಲಿ ಸಂಬಳ ಗಂಟೆ ಲೆಕ್ಕದಲ್ಲಲ್ಲ, ಗಾಡಿ ಲೆಕ್ಕದಲ್ಲಿ. ಬೇಗ ಮುಗಿಸಿದಷ್ಟೂ ಲಾಭ. ಕೋವಿಡ್ ಸಮಯದಲ್ಲಿ ಎಲ್ಲರಿಗೂ ಒಮ್ಮೆಲೇ ಕಾಡು ನೆನಪಾಯಿತು. 2021ರಲ್ಲಿ ಕಾರ್ಖಾನೆಗಳಿಂದ ಎಲ್ಲ ಬಗೆಯದ್ದೂ ಸೇರಿ 6 ಲಕ್ಷ ಗಾಡಿ ಹೊರಬಿದ್ದವು. ಆ ಅವಸರದಲ್ಲಿ ಸ್ಕ್ರೂ ಪೂರ್ತಿ ತಿರುಗಿಸಲು ಯಾರಿಗೆ ಪುರುಸೊತ್ತು? ನಾವು ಅಕ್ಕನ ಅಡುಗೆಮನೆಯ ಡ್ರಾಯರು ಬಿಚ್ಚಿದಾಗ ಒಳಗೆ ಕಂಡದ್ದು ಸ್ಟೇಪಲ್ ಪಿನ್ನುಗಳು. ಸಾಲು ಸಾಲು. ಮಕ್ಕಳ ಪ್ರಾಜೆಕ್ಟ್ ಪುಸ್ತಕಕ್ಕೆ ಹೊಡೆದ ಹಾಗೆ.

ಆದರೂ ಈ ಮನೆಯ ನಿಜವಾದ ಶತ್ರು ಪಿನ್ನಲ್ಲ, ನೀರು. ಮೇಲೆ ರಬ್ಬರಿನ ತೆಳು ಚಾವಣಿ. ಅದರಲ್ಲಿ ಫ್ಯಾನಿಗೊಂದು ತೂತು, ಏಸಿಗೊಂದು ತೂತು, ಕೊಳವೆಗೊಂದು ತೂತು. ಪ್ರತಿ ತೂತಿನ ಸುತ್ತ ಸೀಲಂಟ್ ಎಂಬ ಅಂಟು. ಮೂರು ತಿಂಗಳಿಗೊಮ್ಮೆ ಹತ್ತಿ ನೋಡಿ, ಬಿರುಕಿದ್ದರೆ ಮತ್ತೆ ಅಂಟು ಹಾಕಬೇಕು ಎಂದು ಪುಸ್ತಕದಲ್ಲಿ ಬರೆದಿದೆ. ತಪ್ಪಿಸಿದರೆ ಹೋಯಿತು. ನೀರು ಸದ್ದಿಲ್ಲದೆ ಗೋಡೆಯೊಳಗೆ ಇಳಿದು, ತೆಳು ಪ್ಲೈವುಡ್ ನೆನೆದು, ಹೊರಗಿನ ಫೈಬರ್‌ಗ್ಲಾಸ್ ಪೂರಿಯ ಹಾಗೆ ಉಬ್ಬುತ್ತದೆ. ಅದಕ್ಕೆ ಡಿಲ್ಯಾಮಿನೇಷನ್ ಎಂಬ ಗಂಭೀರ ಹೆಸರಿದೆ. ಊರಿನಲ್ಲಿ ಅಜ್ಜ ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ಹೆಂಚು ಕೈಯಾಡಿಸುತ್ತಿದ್ದರು. ಆ ಕೆಲಸದಿಂದ ತಪ್ಪಿಸಿಕೊಳ್ಳಲು ಭಾವ ಇಂಜಿನಿಯರ್ ಆಗಿ ಅಮೆರಿಕಕ್ಕೆ ಬಂದರು. ಈಗ ಅರವತ್ತಾರನೇ ವಯಸ್ಸಿನಲ್ಲಿ ಹದಿಮೂರು ಅಡಿ ಎತ್ತರದ ಚಾವಣಿ ಮೇಲೆ, ವರ್ಷಕ್ಕೆ ನಾಲ್ಕು ಸಲ, ಮೊಣಕಾಲೂರಿ ಅಂಟು ಬಳಿಯುತ್ತಾರೆ. ಅಕ್ಕ ಕೆಳಗೆ ಏಣಿ ಹಿಡಿದುಕೊಂಡು ಬೈಯುತ್ತಾಳೆ.

ಇಂಥದ್ದರಲ್ಲಿ ಜನರನ್ನು ನಿಜಕ್ಕೂ ತಿಂಗಳುಗಟ್ಟಲೆ ಇಟ್ಟು ನೋಡಿದ್ದಾರಾ ಎಂದು ಕೇಳಿದರೆ, ನೋಡಿದ್ದಾರೆ. ಅದೂ ಸರ್ಕಾರವೇ. 2005ರಲ್ಲಿ ಕತ್ರಿನಾ ಚಂಡಮಾರುತ ಬಂದು ಮನೆ ಕಳೆದುಕೊಂಡವರಿಗೆ 1 ಲಕ್ಷಕ್ಕೂ ಹೆಚ್ಚು ಟ್ರೈಲರುಗಳನ್ನು ಕೊಟ್ಟರು. ಫಿಫ್ತ್ ವೀಲ್ ಅಲ್ಲ, ಅದರ ಬಡ ದಾಯಾದಿಗಳು. ಸ್ವಲ್ಪ ದಿನಕ್ಕೆ ಒಳಗಿದ್ದವರ ಕಣ್ಣು ಉರಿಯತೊಡಗಿತು, ಮಕ್ಕಳಿಗೆ ಕೆಮ್ಮು. ಅಗ್ಗದ ಪ್ಲೈವುಡ್ಡಿನ ಅಂಟಿನಿಂದ ಫಾರ್ಮಾಲ್ಡಿಹೈಡ್ ಹೊರಡುತ್ತಿತ್ತು. 519 ಟ್ರೈಲರುಗಳ ಗಾಳಿ ಪರೀಕ್ಷಿಸಿ, ಸರ್ಕಾರದ ಆರೋಗ್ಯ ಸಂಸ್ಥೆ 2008ರಲ್ಲಿ ಹೌದು, ಜಾಸ್ತಿ ಇದೆ, ಬೇಗ ಜಾಗ ಬದಲಿಸಿ ಎಂದಿತು. ಖಾಲಿಯಾದ ಟ್ರೈಲರುಗಳನ್ನು ಏನು ಮಾಡುವುದು? ಹರಾಜು ಹಾಕಿದರು. ಸುಮ್ನೆ ಹಾಕಲಿಲ್ಲ. ವಾಸಕ್ಕೆ ಬಳಸುವಂತಿಲ್ಲ ಎಂದು ಚೀಟಿ ಅಂಟಿಸಿ ಹಾಕಿದರು. ಆ ಚೀಟಿಯ ಅಂಟು ಮಾತ್ರ ಗಟ್ಟಿ ಇರಲಿಲ್ಲ. 2010ರಲ್ಲಿ ಅದೇ ಕರಾವಳಿಯ ಮೆಕ್ಸಿಕೋ ಕೊಲ್ಲಿಯಲ್ಲಿ ತೈಲ ಸೋರಿದಾಗ, ಸ್ವಚ್ಛ ಮಾಡಲು ಬಂದ ಕೂಲಿಗಳಲ್ಲಿ ಕೆಲವರು ಮಲಗಿದ್ದು ಅದೇ ಟ್ರೈಲರುಗಳಲ್ಲಿ. ಈ ವಿಷಯದಲ್ಲಿ ನನಗೆ ನಗು ಬರುವುದಿಲ್ಲ. ಆದರೆ ಆ ಚೀಟಿ ಬರೆದವನ ನಂಬಿಕೆಗೆ ಕೈ ಮುಗಿಯಬೇಕು.

ಭಾವನವರದ್ದು ವಿಷಗಾಳಿಯ ಸಮಸ್ಯೆಯಲ್ಲ, ಈಗಿನ ಕಾನೂನು ಅಷ್ಟರ ಮಟ್ಟಿಗೆ ಬಿಗಿಯಾಗಿದೆ. ಅವರದ್ದು ಸ್ಲೈಡ್ ಸಮಸ್ಯೆ. ಗುಂಡಿ ಒತ್ತಿದರೆ ನಡುಮನೆಯ ಒಂದು ಗೋಡೆ, ಸೋಫಾ ಸಮೇತ, ಮೂರು ಅಡಿ ಹೊರಗೆ ಚಾಚುತ್ತದೆ. ಏಳನೇ ತಿಂಗಳಲ್ಲಿ ಅದು ಚಾಚಿತು, ಒಳಗೆ ಬರಲಿಲ್ಲ. ಮೂರು ಜನ ಹೊರಗಿನಿಂದ ತಳ್ಳಿ, ಒಬ್ಬರು ಒಳಗಿನಿಂದ ಎಳೆದು, ತೇರಿನ ಹಾಗೆ ಹೋ ಎಂದು ಕೂಗಿ, ಅರ್ಧ ತಾಸಿನಲ್ಲಿ ಒಳಗೆ ಸೇರಿಸಿದೆವು. ನಡುವೆ ಸಿಕ್ಕಿ ಸೋಫಾದ ಒಂದು ಕೈ ಮುರಿಯಿತು.

ಗಾಡಿಯನ್ನು ರಿಪೇರಿಗೆ ಕೊಂಡೊಯ್ದೆವು. ಏಳು ವಾರ ಆಗುತ್ತದೆ, ಸಾಮಾನು ಇಂಡಿಯಾನಾದಿಂದ ಬರಬೇಕು ಎಂದರು. ಅಕ್ಕ ಭಾವ ನಮ್ಮ ಮನೆಯ ಗೆಸ್ಟ್ ರೂಮಿಗೆ ಬರುವುದೆಂದಾಯಿತು. ಆಗಲೇ ಊರಿನಿಂದ ಅಮ್ಮನ ಫೋನು. "ಮನೇಲಿ ಇದ್ದೀರಾ?"

"ಮನೆ ಸರ್ವೀಸಿಗೆ ಬಿಟ್ಟಿದ್ದೀವಿ ಅಮ್ಮ" ಎಂದೆ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮತ್ತೆ "ಊಟ ಆಯ್ತಾ?" ಎಂದು ಕೇಳಿದರು.

ಕೌಂಟರಿನ ಹುಡುಗ ಫಾರಂ ತುಂಬುತ್ತಿದ್ದ. ತುಂಬಾ ಒಳ್ಳೆಯ ಹುಡುಗ. ವಿಳಾಸ ಕೇಳಿದ. ಭಾವ ಸೌತ್ ಡಕೋಟಾದ್ದು ಹೇಳಿದರು. ಹುಡುಗ ಪೆನ್ನು ನಿಲ್ಲಿಸಿ, ತಲೆಯೆತ್ತಿ, ದನಿ ತಗ್ಗಿಸಿ ಕೇಳಿದ. ನೀವು ಇದರಲ್ಲೇ ವಾಸ ಇದ್ದೀರಾ? ಹಾಗಿದ್ದರೆ ವಾರಂಟಿ ಬರಲ್ಲ.

ಭಾವ ಸತ್ಯವಂತರು. ಬಾಯಿ ತೆರೆದರು. ಅಷ್ಟರಲ್ಲಿ ಹಿಂದಿನಿಂದ ಅಕ್ಕ ಗಟ್ಟಿಯಾಗಿ ಹೇಳಿದಳು: "ನೋ, ನೋ. ನಾವಿರೋದು ತಮ್ಮನ ಮನೆಯಲ್ಲಿ. ಇದು ಸುಮ್ನೆ ವೀಕೆಂಡಿಗೆ."

ಹಾಗೆ ಹೇಳುವಾಗ ಅವಳ ಕಂಕುಳಲ್ಲಿ ಪ್ರೆಶರ್ ಕುಕ್ಕರ್ ಇತ್ತು. ಭಾವನ ಹೆಗಲ ಮೇಲೆ ಅರ್ಧ ಖಾಲಿಯಾದ ಸೋನಾ ಮಸೂರಿ ಚೀಲ. ಹುಡುಗ ನನ್ನ ಕಡೆ ನೋಡಿದ. ನನ್ನ ಒಂದು ಕೈಯಲ್ಲಿ ದೇವರ ಮಂಟಪ, ಇನ್ನೊಂದರಲ್ಲಿ ತುಳಸಿ ಕುಂಡ. ಅವನು ತುಳಸಿಯನ್ನು ಸ್ವಲ್ಪ ಹೊತ್ತು ನೋಡಿ, ಫಾರಂ ಮೇಲೆ 'ವೀಕೆಂಡ್' ಎಂದು ಬರೆದುಕೊಂಡ.