ಎಸ್‌ಎಸ್‌ಡಿ ಸತ್ತಿಲ್ಲ, ಡ್ರೈವರ್ ಸಿಕ್ಕಿಲ್ಲ ಅಷ್ಟೇ

ಲ್ಯಾಪ್‌ಟಾಪ್‌ಗೆ ಹೊಸದಾಗಿ ವಿಂಡೋಸ್ ಹಾಕುವಾಗ, ಯಾವ ಡಿಸ್ಕಿಗೆ ಹಾಕಬೇಕು ಅಂತ ಕೇಳುವ ಜಾಗದಲ್ಲಿ ಪಟ್ಟಿ ಪೂರ್ತಿ ಖಾಲಿ ಇದೆಯಾ? ದಯವಿಟ್ಟು ಎಸ್‌ಎಸ್‌ಡಿ, ಅಂದರೆ ಫೈಲ್‌ಗಳೆಲ್ಲ ಇರುವ ಡಿಸ್ಕ್, ಹೋಯ್ತು ಅಂದುಕೊಳ್ಳಬೇಡಿ. ಅವಸರದಲ್ಲಿ ಹೊಸದನ್ನು ಕೊಳ್ಳಲೂಬೇಡಿ.

ಇತ್ತೀಚೆಗೆ ನಮ್ಮ ಅಕ್ಕನ ಮಗಳಿಗೆ ರಿಪೇರಿ ಅಂಗಡಿಯವರು ಹೇಳಿದ್ದು ಇದೇ ಮಾತು. "ಡಿಸ್ಕ್ ಸತ್ತಿದೆ, ಡೇಟಾ ಬರಲ್ಲ, ಹೊಸದು ಹಾಕ್ಬೇಕು." ಅವಳ ಕಾಲೇಜಿನ ಪ್ರಾಜೆಕ್ಟ್ ಪೂರ್ತಿ ಅದರಲ್ಲೇ ಇತ್ತು. ಬಯೋಸ್ (ವಿಂಡೋಸ್ ಶುರುವಾಗುವ ಮೊದಲೇ ತೆರೆಯಬಹುದಾದ ಸೆಟ್ಟಿಂಗ್ಸ್) ತೆರೆದು ನೋಡಿದರೆ ಎಸ್‌ಎಸ್‌ಡಿ ಹೆಸರು, ಪಕ್ಕದಲ್ಲಿ 512 ಜಿಬಿ ಅಂತ ಗಾತ್ರ, ಎರಡೂ ಕಾಣುತ್ತಿದ್ದವು. ಸತ್ತ ಡಿಸ್ಕ್ ಹೀಗೆ ತನ್ನ ಹೆಸರು ಹೇಳಿಕೊಂಡು ಕೂರುವುದು ಅಪರೂಪ. ಯಾರಾದರೂ ಡಿಸ್ಕ್ ಹೋಗಿದೆ ಅಂದರೆ ಮೊದಲು ಬಯೋಸ್‌ನಲ್ಲಿ ತೋರಿಸಿ ಅಂತ ಕೇಳಿ.

ಹೀಗೆ ಆಗುವುದು ಯಾಕೆ? ಡಿಸ್ಕಿನ ಜೊತೆ ವಿಂಡೋಸ್ ಮಾತಾಡಲು ಬೇಕಾದ ಸಾಫ್ಟ್‌ವೇರೇ ಡ್ರೈವರ್. ವಿಂಡೋಸ್ 8.1ರಿಂದಲೇ ಎನ್‌ವಿಎಂಇ (ಈಗ ಸಾಮಾನ್ಯವಾಗಿರುವ ವೇಗದ ಬಗೆ) ಎಸ್‌ಎಸ್‌ಡಿಗೆ ಬೇಕಾದ ಡ್ರೈವರ್ ವಿಂಡೋಸ್ ಒಳಗೇ ಇದೆ. ಆದರೆ 2020ರಲ್ಲಿ ಬಂದ ಇಂಟೆಲ್‌ನ 11ನೇ ತಲೆಮಾರಿನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಲ್ಲಿ ವಿಎಂಡಿ ಅಂತ, ಎಸ್‌ಎಸ್‌ಡಿಗಳನ್ನು ನಿಭಾಯಿಸುವ ಒಂದು ವ್ಯವಸ್ಥೆ ಸೇರಿತು. ಮೊದಲು ಇದು ಸರ್ವರ್‌ಗಳಲ್ಲಿ ಇದ್ದದ್ದು. ಇದು ಆನ್ ಆಗಿದ್ದರೆ ಎಸ್‌ಎಸ್‌ಡಿ ಅದರ ಹಿಂದೆ ಕೂರುತ್ತದೆ. ವಿಂಡೋಸ್‌ನ ಮಾಮೂಲಿ ಡ್ರೈವರ್‌ಗೆ ಅದು ಕಾಣುವುದಿಲ್ಲ, ಇಂಟೆಲ್ ಡ್ರೈವರ್ ಬೇಕೇ ಬೇಕು. ಕಂಪನಿಯಿಂದ ಬಂದ ವಿಂಡೋಸ್‌ನಲ್ಲಿ ಅದು ಇರುತ್ತದೆ. ನಾವು ಪೆನ್‌ಡ್ರೈವ್‌ಗೆ ಹಾಕಿಕೊಂಡ ವಿಂಡೋಸ್‌ನಲ್ಲಿ ಎಷ್ಟೋ ಸಲ ಇರುವುದಿಲ್ಲ.

ಪರಿಹಾರಕ್ಕೆ ದುಡ್ಡೇನೂ ಬೇಡ. ಬೇರೆ ಕಂಪ್ಯೂಟರ್‌ನಲ್ಲಿ ನಿಮ್ಮ ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟಕ್ಕೆ ಹೋಗಿ, ಮಾಡೆಲ್ ಹಾಕಿ, ಸ್ಟೋರೇಜ್ ವಿಭಾಗದಲ್ಲಿ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ ಡ್ರೈವರ್ ಇಳಿಸಿಕೊಳ್ಳಿ. ಜನ ಎಡವುವುದು ಇಲ್ಲಿಂದ ಮುಂದೆ. ಇಳಿದ ಇಎಕ್ಸ್‌ಇ ಫೈಲನ್ನು ಹಾಗೇ ಪೆನ್‌ಡ್ರೈವ್‌ಗೆ ಹಾಕಿದರೆ ಏನೂ ಉಪಯೋಗವಿಲ್ಲ. ವಿಂಡೋಸ್ ಹುಡುಕುವುದು ಡ್ರೈವರ್‌ನ ವಿವರ ಇರುವ ಐಎನ್‌ಎಫ್ ಫೈಲನ್ನು. ಹಾಗಾಗಿ ಆ ಇಎಕ್ಸ್‌ಇಯನ್ನು ಬಿಚ್ಚಿ (ಎಕ್ಸ್‌ಟ್ರಾಕ್ಟ್ ಮಾಡಿ), ಒಳಗಿನ ಫೋಲ್ಡರ್‌ಗಳನ್ನು ಕಾಪಿ ಮಾಡಬೇಕು. ಆಮೇಲೆ ಆ ಖಾಲಿ ಪಟ್ಟಿಯ ಕೆಳಗಿರುವ 'ಲೋಡ್ ಡ್ರೈವರ್' ಒತ್ತಿ, ಬ್ರೌಸ್ ಮಾಡಿ, ವಿಎಂಡಿ ಅಂತ ಹೆಸರಿರುವ ಫೋಲ್ಡರ್ ತೋರಿಸಿ. ಒಂದೇ ಥರದ ಹೆಸರುಗಳು ಒಂದೆರಡು ಬರಬಹುದು, ವಿಎಂಡಿ ಕಂಟ್ರೋಲರ್ ಅಂತ ಇರುವುದನ್ನು ಆರಿಸಿ. ನೆಕ್ಸ್ಟ್ ಒತ್ತಿ ಸ್ವಲ್ಪ ಹೊತ್ತು ಕಾದರೆ ಪಟ್ಟಿಯಲ್ಲಿ ಹಳೆಯ ಪಾರ್ಟಿಷನ್‌ಗಳು (ಡಿಸ್ಕಿನ ಭಾಗಗಳು) ಬಂದು ನಿಲ್ಲುತ್ತವೆ.

ಆಗ ಖುಷಿಯಲ್ಲಿ ಡಿಲೀಟ್ ಒತ್ತಬೇಡಿ! ಫೈಲ್‌ಗಳು ಇನ್ನೂ ಅಲ್ಲೇ ಇವೆ. ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಕಪ್ಪು ಕಿಟಕಿ ತೆರೆಯುತ್ತದೆ. ಅಲ್ಲಿ ನೋಟ್‌ಪ್ಯಾಡ್ ಅಂತ ಟೈಪ್ ಮಾಡಿ, ಫೈಲ್ ಓಪನ್‌ಗೆ ಹೋಗಿ 'ಆಲ್ ಫೈಲ್ಸ್' ಆರಿಸಿ. ಡಿಸ್ಕ್ ಒಳಗಿನದೆಲ್ಲ ಕಾಣುತ್ತದೆ, ಬೇಕಾದ್ದನ್ನು ಬೇರೊಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಬಹುದು. ಹುಡುಗಿಯ ಪ್ರಾಜೆಕ್ಟ್ ಪೂರ್ತಿ ವಾಪಸ್ ಬಂದದ್ದು ಹೀಗೇ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ಮಾತ್ರ ಮೊದಲು 48 ಅಂಕಿಗಳ ರಿಕವರಿ ಕೀ ಬೇಕು. ಅದು ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಇವತ್ತೇ ನೋಡಿ ಬರೆದಿಟ್ಟುಕೊಳ್ಳಿ.

ಬಯೋಸ್‌ನಲ್ಲಿ ವಿಎಂಡಿ ಆಫ್ ಮಾಡಿ ಸಾಕು ಅಂತ ಹೇಳುವ ವಿಡಿಯೋಗಳು ಬೇಕಾದಷ್ಟಿವೆ. ಖಾಲಿ ಡಿಸ್ಕಿಗೆ ಅದು ಸರಿ. ವಿಎಂಡಿ ಆನ್ ಇದ್ದಾಗ ಹಾಕಿದ ವಿಂಡೋಸ್ ಇದ್ದರೆ ಮಾತ್ರ ಅದು ಬೂಟ್ ಆಗದೆ ನೀಲಿ ಪರದೆ ತೋರಿಸಬಹುದು. ಹೆದರಬೇಡಿ, ವಾಪಸ್ ಆನ್ ಮಾಡಿದರೆ ಸರಿಹೋಗುತ್ತದೆ.

ಇನ್ನು ಅಪ್‌ಡೇಟ್ ವಿಚಾರ. ಚೆನ್ನಾಗಿ ನಡೆಯುತ್ತಿರುವ ಸ್ಟೋರೇಜ್ ಡ್ರೈವರನ್ನು ಸುಮ್ನೆ ಹೊಸ ನಂಬರ್ ಬಂತು ಅಂತ ಬದಲಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ. 'ನಿಮ್ಮ ಡ್ರೈವರ್‌ಗಳೆಲ್ಲ ಹಳತಾಗಿವೆ' ಅಂತ ಹೆದರಿಸುವ ಅಪ್‌ಡೇಟರ್ ಸಾಫ್ಟ್‌ವೇರ್‌ಗಳನ್ನಂತೂ ಹತ್ತಿರ ಸೇರಿಸಬೇಡಿ. ಈ ಡ್ರೈವರ್ ಕೆಟ್ಟರೆ ಕಂಪ್ಯೂಟರೇ ಶುರುವಾಗುವುದಿಲ್ಲ.

ಅದಕ್ಕಿಂತ ಜಾಸ್ತಿ ಗಮನ ಕೊಡಬೇಕಾದದ್ದು ಎಸ್‌ಎಸ್‌ಡಿಯ ಫರ್ಮ್‌ವೇರ್, ಅಂದರೆ ಅದರೊಳಗೇ ಇರುವ ಸಾಫ್ಟ್‌ವೇರ್ ಕಡೆ. 2024ರಲ್ಲಿ ವಿಂಡೋಸ್ 11ರ 24ಎಚ್2 ಆವೃತ್ತಿ ಬಂದಾಗ ವೆಸ್ಟರ್ನ್ ಡಿಜಿಟಲ್‌ನ ಎಸ್‌ಎನ್770 ಎಸ್‌ಎಸ್‌ಡಿಯ 2 ಟಿಬಿ ಮಾಡೆಲ್ ಇದ್ದವರಿಗೆ ಪದೇ ಪದೇ ನೀಲಿ ಪರದೆ ಬಂತು. ಈ ಎಸ್‌ಎಸ್‌ಡಿಗೆ ಸ್ವಂತ ಡಿರ‍್ಯಾಮ್ (ಕೆಲಸದ ವೇಳೆ ಬಳಸುವ ವೇಗದ ಮೆಮೊರಿ) ಇಲ್ಲ. ಕಂಪ್ಯೂಟರಿನ ಮೆಮೊರಿಯಲ್ಲೇ ಒಂದಿಷ್ಟು ಸಾಲ ಪಡೆಯುತ್ತದೆ. ಅಲ್ಲಿವರೆಗೆ 64 ಎಂಬಿ ಕೊಡುತ್ತಿದ್ದ ವಿಂಡೋಸ್ 200 ಎಂಬಿ ಕೊಡಲು ಹೋದಾಗ ತೊಂದರೆ ಆಯಿತು. ಸರಿಹೋದದ್ದು ಹೊಸ ಫರ್ಮ್‌ವೇರ್‌ನಿಂದ. ಅದನ್ನು ಎಸ್‌ಎಸ್‌ಡಿ ಕಂಪನಿಯ ಸಾಫ್ಟ್‌ವೇರ್‌ನಲ್ಲೇ ಹಾಕಬಹುದು. ಮೊದಲು ಬ್ಯಾಕಪ್ ತೆಗೆಯಿರಿ, ಚಾರ್ಜರ್ ಹಾಕಿರಲಿ, ಮಧ್ಯದಲ್ಲಿ ಆಫ್ ಮಾಡಬೇಡಿ.

ಯಾರಿಗಾದರೂ ಖಾಲಿ ಪಟ್ಟಿ ಎದುರಾಗಿದ್ದರೆ ಲ್ಯಾಪ್‌ಟಾಪ್ ಮಾಡೆಲ್ ಇಲ್ಲಿ ಬರೆಯಿರಿ. ಯಾವ ಡ್ರೈವರ್ ಬೇಕು ಅಂತ ನೋಡಿ ಹೇಳುತ್ತೇನೆ. ಸೀರಿಯಲ್ ನಂಬರ್ ಹಾಕಬೇಡಿ, ಮಾಡೆಲ್ ಸಾಕು.