ಅಲೆ ಬಂತು, ಅಡ್ರೆಸ್ ಬರಲಿಲ್ಲ

“ಏನಿಲ್ಲ ಕಣಪ್ಪಾ, ಎರಡು ನಿಮಿಷದ ಕೆಲಸ. ಈ ಮಿನಿಸೀಡ್ ಫೈಲುಗಳನ್ನ ಸುಮ್ನೆ ಸ್ಯಾಕ್‌ಗೆ ಬದಲಾಯಿಸಿಬಿಡು” ಅಂದರು ನಮ್ಮ ಗೈಡು. ಭೂಕಂಪದ ದಾಖಲೆ ಇಡುವ ಎರಡು ಬಗೆಯ ಫೈಲ್ ಫಾರ್ಮ್ಯಾಟುಗಳು ಇವು. ನಾನೂ ಸುಮ್ನೆ ತಲೆಯಾಡಿಸಿದೆ. ಇದು ನಡೆದು ಮೂರು ವಾರ ಆಯಿತು. ಭೂಮಿಯ ಲೆಕ್ಕ ಇಡುವವರಿಗೆ ಹತ್ತು ಲಕ್ಷ ವರ್ಷ ಅಂದರೆ ಮೊನ್ನೆ ಮೊನ್ನೆ. ಅಂಥವರ ಎರಡು ನಿಮಿಷ ಎಷ್ಟು ಉದ್ದ ಇರಬಹುದು ಅಂತ ನಾನೇ ಮೊದಲು ಯೋಚಿಸಬೇಕಿತ್ತು.

ಹೊರಗಿನವರಿಗೆ ಇದರಲ್ಲಿ ಕಷ್ಟ ಏನಿದೆ ಅಂತ ಅನ್ನಿಸುತ್ತದೆ. ನೆಲದಲ್ಲಿ ಕೂತ ಉಪಕರಣ ನೆಲದ ಅಲುಗಾಟ ಅಳೆದು ಸೆಕೆಂಡಿಗೆ 20 ಸಲವೋ 100 ಸಲವೋ ಒಂದೊಂದು ಸಂಖ್ಯೆ ಬರೆಯುತ್ತದೆ. ಅಷ್ಟೇ. ಸಂಖ್ಯೆಗಳ ಒಂದು ಉದ್ದ ಸಾಲು. ಆ ಸಾಲನ್ನು ಈ ಡಬ್ಬಿಯಿಂದ ತೆಗೆದು ಆ ಡಬ್ಬಿಗೆ ಹಾಕಬೇಕು. ನಿಜ ಹೇಳಬೇಕೆಂದರೆ ಸಂಖ್ಯೆಗಳು ಯಾವತ್ತೂ ಸುರಕ್ಷಿತವಾಗಿಯೇ ಹೋಗಿ ಸೇರುತ್ತವೆ. ಕಳೆದುಹೋಗುವುದು ಅವುಗಳ ಜೊತೆಗಿನ ಗಂಟುಮೂಟೆ. ಎಲ್ಲಿಯದು, ಯಾವಾಗಿನದು, ಯಾವ ಉಪಕರಣದ್ದು, ನಡುವೆ ಏನಾದರೂ ಬಿಟ್ಟುಹೋಗಿದೆಯಾ ಅನ್ನೋದು. ಪರದೆ ಮೇಲೆ ಅಲೆ ಎಷ್ಟು ಚೆಂದ ಕಾಣುತ್ತದೆ ಅಂದರೆ ಗಂಟು ಕಳೆದದ್ದು ಗೊತ್ತೇ ಆಗುವುದಿಲ್ಲ.

ಮೊದಲು ಎರಡೂ ಡಬ್ಬಿಗಳ ಸ್ವಭಾವ ಹೇಳಿಬಿಡುತ್ತೇನೆ. ಮಿನಿಸೀಡ್ ಜಿಪುಣ. ಇದರ ದೊಡ್ಡಣ್ಣ ಸೀಡ್ ಹುಟ್ಟಿದ್ದು 1980ರ ದಶಕದಲ್ಲಿ, ದೇಶ ದೇಶಗಳು ಭೂಕಂಪದ ಡೇಟಾ ಹಂಚಿಕೊಳ್ಳಲಿ ಅಂತ. ಅವನ ಹತ್ತಿರ ಸ್ಟೇಷನ್ ವಿಳಾಸ, ಉಪಕರಣದ ಜಾತಕ ಎಲ್ಲಾ ಇರುತ್ತಿತ್ತು. ತಮ್ಮನಾದ ಮಿನಿಸೀಡ್ ಅಲೆಯನ್ನಷ್ಟೇ ಹೊತ್ತು ಬರುತ್ತಾನೆ. ಮಿಕ್ಕಿದ್ದು ಕೇಳಿದರೆ ‘ಅದು ಬೇರೆ ಫೈಲಿನಲ್ಲಿದೆ’ ಅಂತ ಕೈ ತೋರಿಸುತ್ತಾನೆ. ಸಂಖ್ಯೆಗಳನ್ನೂ ಪೂರ್ತಿ ಬರೆಯುವುದಿಲ್ಲ. ಹಿಂದಿನದಕ್ಕಿಂತ ಮೂರು ಜಾಸ್ತಿ, ಅದಕ್ಕಿಂತ ಎರಡು ಕಮ್ಮಿ, ಹೀಗೆ ವ್ಯತ್ಯಾಸ ಮಾತ್ರ ಬರೆದಿಡುತ್ತಾನೆ. ಇದಕ್ಕೆ ಸ್ಟೈಮ್ ವಿಧಾನ ಅಂತ ಹೆಸರು. ಭೂಮಿ ಹೆಚ್ಚಿನ ಹೊತ್ತು ತೆಪ್ಪಗಿರುವುದರಿಂದ ಈ ಉಳಿತಾಯ ಚೆನ್ನಾಗಿಯೇ ನಡೆಯುತ್ತದೆ.

ಸ್ಯಾಕ್ ಹಾಗಲ್ಲ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಬೆಳೆದ ಪ್ರೋಗ್ರಾಂ ಇದು. ಅರ್ಜಿ ನಮೂನೆ ಅಂದರೆ ಇದಕ್ಕೆ ಪ್ರಾಣ. ಅಲೆಯ ಮೊದಲ ಸಂಖ್ಯೆ ಬರುವ ಮುಂಚೆ 632 ಬೈಟ್ ಹೆಡರ್ ತುಂಬಬೇಕು. ಸ್ಟೇಷನ್ ಅಕ್ಷಾಂಶ, ರೇಖಾಂಶ, ಎತ್ತರ, ಹೂತ ಆಳ, ಕಂಪನದ ಕೇಂದ್ರ, ದೂರ, ದಿಕ್ಕು, ಒಂದೇ ಎರಡೇ. ವರ್ಷ ಕೇಳುತ್ತದೆ, ತಿಂಗಳು ಕೇಳುವುದಿಲ್ಲ. ಅದರ ಪ್ರಕಾರ ಮಾರ್ಚ್ ಅನ್ನೋದೇ ಇಲ್ಲ, ವರ್ಷದ 70ನೇ ದಿನ ಅಂತ ಇದೆ. ಮಾರ್ಚ್ 1 ಎಷ್ಟನೇ ದಿನ ಅಂತ ಕೇಳಿದರೆ ನಮ್ಮಂಥವರು ‘ಯಾವ ವರ್ಷ?’ ಅಂತ ತಿರುಗಿ ಕೇಳುತ್ತೇವೆ. ಸಾಮಾನ್ಯ ವರ್ಷದಲ್ಲಿ 60, ಅಧಿಕ ವರ್ಷದಲ್ಲಿ 61. ಕೇಳಿದವರು ಮತ್ತೆ ನಮ್ಮ ಹತ್ತಿರ ಮಾತಾಡುವುದಿಲ್ಲ.

ಮೊದಲ ಎಡವಟ್ಟು ಆದದ್ದು ಪರೀಕ್ಷೆಯ ಹಂತದಲ್ಲೇ. ಬದಲಾವಣೆ ಸರಿಯಾಗಿದೆಯಾ ಅಂತ ನೋಡಲು ಎಲ್ಲರಿಗೂ ಗೊತ್ತಿರುವ ಭೂಕಂಪ ಬೇಕಲ್ಲ? 2011ರ ಮಾರ್ಚ್ 11ರ ಜಪಾನಿನ ತೊಹೊಕು ಭೂಕಂಪ ಆರಿಸಿಕೊಂಡೆ. ಮಧ್ಯಾಹ್ನ 2 ಗಂಟೆ 46 ನಿಮಿಷ, 70ನೇ ದಿನ. ಫೈಲ್ ತೆಗೆದು 14:46ಕ್ಕೆ ಹೋಗಿ ನೋಡಿದರೆ ಆ ದೈತ್ಯ ಅಲೆಯ ಸುಳಿವೇ ಇಲ್ಲ, ಮರಿಕಂಪನಗಳ ಗಲಾಟೆ ಮಾತ್ರ. ಇಡೀ ಭೂಗೋಳವನ್ನೇ ಗಂಟೆಯಂತೆ ಬಾರಿಸಿದ ಕಂಪನವನ್ನು ನನ್ನ ಸ್ಕ್ರಿಪ್ಟ್ ನುಂಗಿಹಾಕಿದೆ ಅಂತ ಅರ್ಧ ದಿನ ಅದನ್ನು ಬೈದೆ. ಆಮೇಲೆ ಜ್ಞಾನೋದಯ ಆಯಿತು. ಕಂಪನದ ಡೇಟಾ ಇರುವುದು ಯುಟಿಸಿಯಲ್ಲಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯದಲ್ಲಿ. 2:46 ಜಪಾನಿನ ಗಡಿಯಾರ. ನಾನು ನೋಡಬೇಕಿದ್ದದ್ದು 05:46ರ ನಂತರ. ಅಲೆ ಒಂಬತ್ತು ಗಂಟೆ ಮುಂಚೆಯೇ ಬಂದು, ನನ್ನನ್ನು ಕಾದು ಹೋಗಿತ್ತು.

ಎರಡನೆಯದು ಮೈನಸ್ 12345. ಸ್ಯಾಕ್ ಅರ್ಜಿಯಲ್ಲಿ ಗೊತ್ತಿಲ್ಲದ ಜಾಗವನ್ನು ಖಾಲಿ ಬಿಡುವಂತಿಲ್ಲ. ಅಲ್ಲಿ ತಾನಾಗಿಯೇ −12345 ಅಂತ ಕೂರುತ್ತದೆ. ಅದರ ಅರ್ಥ ‘ಗೊತ್ತಿಲ್ಲ’. ಇದನ್ನು ಮಾಡಿದವರು ಜಾಣರು. ಇಷ್ಟು ಎದ್ದು ಕಾಣುವ ಸಂಖ್ಯೆಯನ್ನು ಯಾರೂ ನಿಜ ಅಂತ ನಂಬಲಾರರು ಅಂದುಕೊಂಡಿರಬೇಕು. ಅವರು ನನ್ನನ್ನು ನೋಡಿರಲಿಲ್ಲ, ಅಷ್ಟೇ. ಜಿಪುಣ ಮಿನಿಸೀಡ್‌ನಲ್ಲಿ ಅಕ್ಷಾಂಶ ಇರಲೇ ಇಲ್ಲ. ಬೇರೆ ಫೈಲಿನಿಂದ ತಂದು ತುಂಬಬೇಕಿತ್ತು. ಒಂಬತ್ತು ಸ್ಟೇಷನ್‌ಗೆ ತುಂಬಿದೆ, ಹತ್ತನೆಯದಕ್ಕೆ ಮರೆತೆ. ಆಮೇಲೆ ನಕ್ಷೆ ಬರೆಯಲು ಹತ್ತೂ ಸ್ಟೇಷನ್‌ಗಳ ನಡುಬಿಂದು ತೆಗೆದೆ. ಸರಾಸರಿ ಅಕ್ಷಾಂಶ ಮೈನಸ್ 1,200ರ ಆಸುಪಾಸು ಬಂತು. ದಕ್ಷಿಣ ಧ್ರುವ ಇರುವುದು ಮೈನಸ್ 90ರಲ್ಲಿ. ಅಂದರೆ ನಮ್ಮ ಸ್ಟೇಷನ್ ಜಾಲದ ಕೇಂದ್ರಕ್ಕೆ ಹೋಗಬೇಕೆಂದರೆ ಧ್ರುವ ದಾಟಿ, ಭೂಮಿಗೆ ಮೂರು ಸುತ್ತು ಹಾಕಿ, ಮತ್ತೂ ಸ್ವಲ್ಪ ಮುಂದೆ ನಡೆಯಬೇಕು. ನಕ್ಷೆ ಬಿಳಿ ಹಾಳೆಯಾಗಿ ಬಂತು. ನಾನು ಪ್ರಿಂಟರ್ ಕೆಟ್ಟಿದೆ ಅಂತ ದೂರು ಕೊಟ್ಟೆ.

ಇನ್ನು ಮೂರನೆಯದು. ಇದನ್ನು ಹೇಳಿಕೊಳ್ಳಲು ಈಗಲೂ ನಾಚಿಕೆ. ಆದರೆ ಲ್ಯಾಬಿನವರು ಹೇಗೂ ಹೇಳಿಯೇ ಹೇಳುತ್ತಾರೆ, ನನ್ನ ಬಾಯಲ್ಲೇ ಬರಲಿ.

ಸ್ಯಾಕ್‌ನ ಒಂದು ಫೈಲಿನಲ್ಲಿ ಒಂದೇ ಅಖಂಡ ಅಲೆ ಇರಬೇಕು, ನಡುವೆ ಬಿರುಕು ಇರಬಾರದು. ಮಿನಿಸೀಡ್‌ಗೆ ಆ ಚಿಂತೆಯಿಲ್ಲ. ಚಿಕ್ಕ ಚಿಕ್ಕ ತುಂಡುಗಳ ಸರಮಾಲೆ ಅದು, ಪ್ರತಿ ತುಂಡಿಗೂ ಅದರದೇ ಸಮಯದ ಚೀಟಿ. ನಡುವೆ ಒಂದೆರಡು ತುಂಡು ಇಲ್ಲದಿದ್ದರೂ ಅದು ಆರಾಮ. ನಾನು ಬಳಸುತ್ತಿದ್ದದ್ದು ಆಬ್ಸ್‌ಪೈ ಅನ್ನುವ ಪೈಥಾನ್ ಲೈಬ್ರರಿ. ನಿಜಕ್ಕೂ ಪುಣ್ಯಾತ್ಮರು ಮಾಡಿದ ಕೆಲಸ. ಯಾವ ಫಾರ್ಮ್ಯಾಟ್ ಅಂತ ಹೇಳದಿದ್ದರೂ ಫೈಲಿನ ಮುಖ ನೋಡಿಯೇ ಗುರುತು ಹಿಡಿಯುತ್ತದೆ. ತುಂಡುಗಳನ್ನು ಜೋಡಿಸು ಅಂದೆ, ಜೋಡಿಸಿತು. ಬರೆ ಅಂದೆ, ‘ಆಗಲ್ಲ, ನಡುವೆ ಬಿರುಕಿದೆ, ಏನಾದರೂ ತುಂಬಿಸಿಕೊಂಡು ಬಾ’ ಅಂತು. ಸರಿ, ಏನು ತುಂಬೋಣ? ಏನೂ ಇಲ್ಲದ ಕಡೆ ಸೊನ್ನೆ ತಾನೆ ತುಂಬುವುದು? ತುಂಬಿದೆ. ದೋಷದ ಸಂದೇಶ ಮಾಯವಾಯಿತು. ಸಂದೇಶ ಮಾಯವಾದರೆ ದೋಷವೂ ಮಾಯವಾಯಿತು ಅಂತ ನಂಬುವ ವಯಸ್ಸು ನನ್ನದು.

ಆಮೇಲೆ ಭೂಕಂಪ ಹುಡುಕುವ ಪ್ರೋಗ್ರಾಂ ಓಡಿಸಿದೆ. ಅದರ ಕೆಲಸ ಸರಳ. ಈ ಕ್ಷಣದ ಅಲುಗಾಟವನ್ನು ಹಿಂದಿನ ಸ್ವಲ್ಪ ಹೊತ್ತಿನ ಸರಾಸರಿ ಜೊತೆ ಹೋಲಿಸುತ್ತದೆ, ದಿಢೀರನೆ ಜಾಸ್ತಿಯಾದರೆ ಕೂಗುತ್ತದೆ. ಕೂಗಿತು. ರಾತ್ರಿ 21:00ಕ್ಕೆ ಒಂದು ಭೂಕಂಪ! ಎರಡು ಸ್ಪಷ್ಟ ಏಟುಗಳು, ನಡುವೆ 11 ಸೆಕೆಂಡ್. ಮೊದಲು ಬಂದದ್ದು ಭೂಕಂಪದ ವೇಗದ ಪಿ ಅಲೆ, ಹಿಂದೆ ಬಂದದ್ದು ನಿಧಾನದ ಎಸ್ ಅಲೆ. ಪಾಠ ನೆನಪಿತ್ತು. ಎರಡರ ನಡುವಿನ ಸೆಕೆಂಡುಗಳನ್ನು 8ರಿಂದ ಗುಣಿಸಿದರೆ ಹೆಚ್ಚುಕಮ್ಮಿ ಕಿಲೋಮೀಟರ್ ಲೆಕ್ಕದಲ್ಲಿ ದೂರ ಸಿಗುತ್ತದೆ. 88 ಕಿಲೋಮೀಟರ್! ಮರುದಿನದ ಫೈಲ್ ನೋಡಿದೆ. ಮತ್ತೆ 21:00, ಮತ್ತೆ 11 ಸೆಕೆಂಡ್, ಮತ್ತೆ 88 ಕಿಲೋಮೀಟರ್. ಅದರ ಮರುದಿನವೂ. ಎದೆ ಹೊಡೆದುಕೊಳ್ಳತೊಡಗಿತು. ಯಾರಿಗೂ ಗೊತ್ತಿಲ್ಲದ ಬಿರುಕುವಲಯ, ದಿನವೂ ತಪ್ಪದೆ ಕಂಪಿಸುತ್ತಿದೆ, ಕಂಡುಹಿಡಿದವನು ನಾನು! ಪ್ರಬಂಧದ ಶೀರ್ಷಿಕೆ ಕೂಡ ಬರೆದಿಟ್ಟೆ. ಲೇಖಕರ ಹೆಸರುಗಳಲ್ಲಿ ನನ್ನದು ಮೊದಲು ಇರಬೇಕೋ ಗೈಡಿನದೋ ಅಂತ ಸ್ವಲ್ಪ ಹೊತ್ತು ಹೊಯ್ದಾಡಿ, ರಾತ್ರಿ ಹನ್ನೊಂದೂವರೆಗೆ ಅವರಿಗೇ ಫೋನ್ ಮಾಡಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, “ಪಕ್ಕದ ಸ್ಟೇಷನ್ನಿನಲ್ಲಿ ಬಂದಿದೆಯೇನಪ್ಪಾ?” ಅಂದರು.

“ಇಲ್ಲ ಸರ್. ಒಂದರಲ್ಲೇ.”

“ಸರಿಯಾಗಿ ಒಂಬತ್ತಕ್ಕೇ ಬರುತ್ತಾ?”

“ಸೆಕೆಂಡೂ ತಪ್ಪಲ್ಲ ಸರ್.”

“ಭೂಮಿಗೆ ಅಷ್ಟೊಂದು ಶಿಸ್ತು ಇಲ್ಲ ಕಣಯ್ಯಾ. ಮಲಕ್ಕೋ.”

ಬೆಳಿಗ್ಗೆ ಸೀನಿಯರ್ ಅಕ್ಕ ಬಂದು ನೋಡಿ, ಒಂದೇ ನಿಮಿಷದಲ್ಲಿ ಬೆಟ್ಟ ಅಗೆದು ಇಲಿ ಹಿಡಿದರು. ಆ ಸ್ಟೇಷನ್ನಿನ ಡೇಟಾ ಲಾಗರ್, ಅಂದರೆ ಅಳತೆ ಬರೆದಿಡುವ ಪೆಟ್ಟಿಗೆ, ದಿನಕ್ಕೊಮ್ಮೆ ತಾನಾಗಿಯೇ ರೀಸ್ಟಾರ್ಟ್ ಆಗುವಂತೆ ಯಾರೋ ಸೆಟ್ ಮಾಡಿದ್ದರು. ಆಗ 11 ಸೆಕೆಂಡ್ ಬಿರುಕು. ಉಪಕರಣ ಸುಮ್ಮನಿದ್ದಾಗಲೂ ಅದರ ಗೆರೆ ಸೊನ್ನೆಯಲ್ಲಿ ಇರುವುದಿಲ್ಲ, ಇದರದ್ದು ನಾಲ್ಕು ಸಾವಿರದ ಹತ್ತಿರ ಓಡುತ್ತಿತ್ತು. ನಾನು ಅಲ್ಲಿ ಸೊನ್ನೆ ತುಂಬಿದಾಗ ಗೆರೆ ಬಂಡೆಯ ಅಂಚಿನಿಂದ ಧುಮುಕಿದ ಹಾಗೆ ಸೊನ್ನೆಗೆ ಬಿದ್ದು, 11 ಸೆಕೆಂಡ್ ಆದಮೇಲೆ ಮತ್ತೆ ಹಾರಿ ಮೇಲೆ ಹತ್ತಿತ್ತು. ಫಿಲ್ಟರ್ ಹಾಕಿದಾಗ ಬಿದ್ದ ಕಡೆ ಒಮ್ಮೆ ಟಣ್, ಹತ್ತಿದ ಕಡೆ ಒಮ್ಮೆ ಟಣ್. ಅದೇ ನನ್ನ ಪಿ, ಅದೇ ನನ್ನ ಎಸ್. “ಏನೂ ಇಲ್ಲದಿರೋದು ಬೇರೆ, ಸೊನ್ನೆ ಇರೋದು ಬೇರೆ ಕಣೋ” ಅಂದರು ಅಕ್ಕ. ಲ್ಯಾಬಿನಲ್ಲಿ ಆ 88 ಕಿಲೋಮೀಟರಿನ ಬಿರುಕುವಲಯಕ್ಕೆ ನನ್ನ ಹೆಸರನ್ನೇ ಇಟ್ಟಿದ್ದಾರೆ. ರಾತ್ರಿ ಒಂಬತ್ತಾದರೆ ಯಾರಾದರೊಬ್ಬರು ಮೇಜು ಅಲ್ಲಾಡಿಸುತ್ತಾರೆ.

ಬಿರುಕು ಇರುವಲ್ಲಿ ಕತ್ತರಿಸಿ ಎಲ್ಲವನ್ನೂ ಮತ್ತೆ ಬದಲಾಯಿಸಿದೆ. ಈ ನಡುವೆ ಹಳೆಯ ಸನ್ ಕಂಪ್ಯೂಟರಿನಲ್ಲಿ ಬರೆದ ಒಂದಿಷ್ಟು ಸ್ಯಾಕ್ ಫೈಲುಗಳೂ ಸಿಕ್ಕವು. ಇದನ್ನು ನಾನೇ ಓದುತ್ತೇನೆ, ಲೈಬ್ರರಿ ಬೇಡ ಅಂತ ಜಂಬದಿಂದ ಬೈಟ್ ಬೈಟ್ ಎಣಿಸಿ ಓದಿದೆ. ಆ ಯಂತ್ರ ಸಂಖ್ಯೆಯ ದೊಡ್ಡ ತುದಿಯನ್ನು ಮೊದಲು ಬರೆಯುತ್ತಿತ್ತು, ನನ್ನದು ಸಣ್ಣ ತುದಿಯಿಂದ ಓದುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ಹೆಡರ್ ಆವೃತ್ತಿ 6 ಅಂತ ಬರಬೇಕಾದ ಕಡೆ 10,06,63,296 ಅಂತ ಬಂತು. ಹತ್ತು ಕೋಟಿಯ ಮೇಲಿನ ಆವೃತ್ತಿ! ಅಲೆಯಂತೂ ಹುಲ್ಲುಗಾವಲು. ಬಾಯಿ ಮುಚ್ಚಿಕೊಂಡು ಲೈಬ್ರರಿಗೆ ವಾಪಸ್ ಬಂದೆ.

ಅಷ್ಟರಲ್ಲಿ ಎಣ್ಣೆ ಹುಡುಕುವ ವಿಭಾಗದ ಗೆಳೆಯನೊಬ್ಬ, “ನಮಗೂ ಒಂದು ಗಂಟೆಯ ಡೇಟಾ ಕೊಡೋ, ಸೆಗ್-ವೈನಲ್ಲಿ” ಅಂದ. ಸೆಗ್-ವೈ ಅನ್ನುವ ಫಾರ್ಮ್ಯಾಟು 1975ರ ಹಿರಿಯ, ಮ್ಯಾಗ್ನೆಟಿಕ್ ಟೇಪಿನ ಕಾಲದವರು. ಫೈಲಿನ ಶುರುವಿಗೆ 3,200 ಅಕ್ಷರಗಳ ಪೀಠಿಕೆ. 40 ಸಾಲು, ಸಾಲಿಗೆ 80 ಅಕ್ಷರ, ಥೇಟ್ 40 ಪಂಚ್ ಕಾರ್ಡ್. ಅದೂ ಐಬಿಎಂನ ಹಳೆಯ ಎಬ್ಸಿಡಿಕ್ ಲಿಪಿಯಲ್ಲಿ. ಈಗಿನ ಆಸ್ಕಿ ಕಣ್ಣಿನಿಂದ ನೋಡಿದರೆ ಖಾಲಿ ಜಾಗವೆಲ್ಲ ಇಮೇಲ್ ವಿಳಾಸದ ನಡುವಿನ ‘ಅಟ್’ ಚಿಹ್ನೆಯಾಗಿ ಕಾಣುತ್ತದೆ. ಪೀಠಿಕೆಯಲ್ಲಿ ಯಾರೋ ನೂರಾರು ಇಮೇಲ್ ವಿಳಾಸ ತುಂಬಿದ್ದಾರೆ ಅಂದುಕೊಂಡೆ.

ಈ ಹಿರಿಯರು ಎರಡು ಸ್ಯಾಂಪಲ್‌ಗಳ, ಅಂದರೆ ಅಳೆದು ಬರೆದ ಎರಡು ಸಂಖ್ಯೆಗಳ, ನಡುವಿನ ಸಮಯವನ್ನು ಮೈಕ್ರೋಸೆಕೆಂಡಿನಲ್ಲಿ ಬರೆಯುತ್ತಾರೆ, ಎರಡೇ ಬೈಟ್ ಜಾಗದಲ್ಲಿ. ಧನ ಋಣ ಎರಡಕ್ಕೂ ಅವಕಾಶ ಇಟ್ಟು ಎಣಿಸಿದರೆ 32,767 ದಾಟುವಂತಿಲ್ಲ. ಎಣ್ಣೆ ಹುಡುಕುವವರಿಗೆ ಅದು ಧಾರಾಳ, ಅವರ ಸ್ಯಾಂಪಲ್‌ಗಳ ನಡುವೆ ಕೆಲವೇ ಮಿಲಿಸೆಕೆಂಡ್, ದಾಖಲೆಗಳೂ ಕೆಲವೇ ಸೆಕೆಂಡಿನವು. ನಮ್ಮದು ಸೆಕೆಂಡಿಗೆ 20 ಸ್ಯಾಂಪಲ್, ಅಂದರೆ ನಡುವೆ 50,000 ಮೈಕ್ರೋಸೆಕೆಂಡ್. ಬರೆದ ಪ್ರೋಗ್ರಾಂ ಹೇಗೋ ತುರುಕಿತು. ಗೆಳೆಯನ ಪ್ರೋಗ್ರಾಂ ಅದನ್ನೇ −15,536 ಅಂತ ಓದಿತು. “ಲೋ, ನಿಮ್ಮ ಡೇಟಾದಲ್ಲಿ ಕಾಲ ಹಿಂದಕ್ಕೆ ಓಡ್ತಾ ಇದೆ” ಅಂದ. ಸ್ಯಾಂಪಲ್‌ಗಳ ಎಣಿಕೆಗೂ ಅಷ್ಟೇ ಜಾಗ. ಒಂದು ಗಂಟೆಗೆ ನಮ್ಮವು 72,000. ಕೊನೆಗೆ ಸ್ಯಾಂಪಲ್ ದರ ಏರಿಸಿ, ಗಂಟೆಯನ್ನು ಚೂರು ಚೂರು ಮಾಡಿ ಕೊಟ್ಟೆ. ಅವನು ಈವರೆಗೆ ತೆರೆದು ನೋಡಿಲ್ಲ.

ಇಷ್ಟೆಲ್ಲಾ ಆದಮೇಲೆ ಗೈಡ್ ಬಳಿ ಹೋಗಿ, “ಸರ್, ಎಲ್ಲಾ ಸ್ಯಾಕ್ ಆಯಿತು” ಅಂದೆ.

“ಓ, ಅದಾ? ಡೇಟಾ ಕೇಂದ್ರದವರು ಮಿನಿಸೀಡೇ ಸಾಕು ಅಂದರಪ್ಪಾ. ಮೂಲ ಫೈಲು ಇದೆಯಲ್ಲ, ಅದನ್ನೇ ಕಳಿಸಿಬಿಡು.”

ಮೂಲ ಫೈಲು ಇರಲಿಲ್ಲ. ಸ್ಯಾಕ್‌ಗೆ ಉಳಿತಾಯದ ಬುದ್ಧಿ ಇಲ್ಲ, ಪ್ರತಿ ಸಂಖ್ಯೆಗೂ ಪೂರ್ತಿ ನಾಲ್ಕು ಬೈಟ್. ಫೈಲುಗಳು ಊದಿಕೊಂಡು ಡಿಸ್ಕ್ ತುಂಬಿತ್ತು. ಜಾಗ ಬೇಕಲ್ಲ ಅಂತ ಮಿನಿಸೀಡ್‌ಗಳನ್ನು ಅಳಿಸಿದ್ದೆ. ಗೈಡ್ ಎದುರು ಇದನ್ನು ಹೇಳುವ ಧೈರ್ಯ ಆಗದೆ, ರಾತ್ರೋರಾತ್ರಿ ಎಲ್ಲವನ್ನೂ ಸ್ಯಾಕ್‌ನಿಂದ ಮಿನಿಸೀಡ್‌ಗೆ ತಿರುಗಿಸಿದೆ. ನಮ್ಮ 24 ಬಿಟ್ ಸಂಖ್ಯೆಗಳು ಸ್ಯಾಕ್‌ನ ದಶಮಾಂಶದಲ್ಲಿ ಒಂದಿಷ್ಟೂ ಸವೆಯದೆ ಕೂರುತ್ತವೆ. ವಾಪಸ್ ಪೂರ್ಣಾಂಕ ಮಾಡಿ ಬರೆದೆ. ಅಲೆ ಎಲ್ಲೂ ಕೂದಲೆಳೆಯಷ್ಟೂ ಕೊಂಕಿರಲಿಲ್ಲ. ಸಮಯ ಸರಿ, ಸ್ಟೇಷನ್ ಹೆಸರು ಸರಿ, ಬಿರುಕುಗಳು ಇದ್ದಲ್ಲೇ ಇವೆ. ಈ ಸಲ ಏನೂ ಕಳೆದಿಲ್ಲ ಅಂತ ಎದೆ ತಟ್ಟಿಕೊಂಡು ಕಳಿಸಿದೆ.

ನಿನ್ನೆ ಉತ್ತರ ಬಂತು. ‘ಡೇಟಾ ತಲುಪಿದೆ, ಧನ್ಯವಾದ. ಒಂದು ಸಣ್ಣ ಸಂದೇಹ. ನಿಮ್ಮ ಎಲ್ಲ ಸ್ಟೇಷನ್‌ಗಳಲ್ಲೂ ಲೊಕೇಶನ್ ಕೋಡ್ ಮೈನಸ್ 1 ಅಂತಿದೆ. ಇದು ಯಾವ ಉಪಕರಣ?’

ಒಂದೇ ಸ್ಟೇಷನ್ನಿನಲ್ಲಿ ಹಲವು ಉಪಕರಣ ಇದ್ದರೆ ಇದು ಯಾವುದರದ್ದು ಅಂತ ಹೇಳುವ ಗುರುತು ಈ ಲೊಕೇಶನ್ ಕೋಡ್. ನಮ್ಮ ಒಂದೊಂದು ಸ್ಟೇಷನ್ನಿನಲ್ಲೂ ಇರುವುದು ಒಂದೇ ಉಪಕರಣ, ಹಾಗಾಗಿ ಆ ಜಾಗ ಖಾಲಿ ಇತ್ತು. ಸ್ಯಾಕ್‌ಗೆ ಹೋದಾಗ ಖಾಲಿ ಜಾಗದಲ್ಲಿ ಎಂದಿನಂತೆ −12345 ಕೂತಿತು. ವಾಪಸ್ ಬರುವಾಗ ಜಿಪುಣ ಮಿನಿಸೀಡ್‌ನಲ್ಲಿ ಲೊಕೇಶನ್‌ಗೆ ಎರಡೇ ಅಕ್ಷರದ ಜಾಗ, ನನ್ನ ಸ್ಕ್ರಿಪ್ಟ್ ಅದರ ತಲೆ ಮಾತ್ರ ಕತ್ತರಿಸಿ ಇಟ್ಟಿತು. ಸ್ಯಾಕ್ ಹೆಡರ್‌ನಲ್ಲಿ ಈ ಕಾಲಮ್ಮಿನ ಹೆಸರು ಬೇರೆ ‘ಹೋಲ್’. ಪರಮಾಣು ಪರೀಕ್ಷೆಯ ದಾಖಲೆಯಾದರೆ ಯಾವ ಗುಂಡಿಯಲ್ಲಿ ಸಿಡಿಸಿದ್ದು ಅಂತ ಅಲ್ಲಿ ಬರೆಯುವ ಪದ್ಧತಿ.

ಉತ್ತರ ಇನ್ನೂ ಬರೆದಿಲ್ಲ. ಉಪಕರಣಗಳೆಲ್ಲ ನೆಲಮಾಳಿಗೆಯಲ್ಲಿವೆ, ನಾವು ಲಿಫ್ಟಿನ ಲೆಕ್ಕದಲ್ಲಿ ನಂಬರ್ ಕೊಟ್ಟಿದ್ದೇವೆ ಅಂತ ಬರೆದರೆ ನಂಬುತ್ತಾರಾ ಅಂತ ಅಕ್ಕನನ್ನು ಕೇಳಿದೆ. ಅವರು ಏನೂ ಹೇಳಲಿಲ್ಲ. ಮೇಜು ಅಲ್ಲಾಡಿಸಿ ಹೋದರು.