‘ಹೆಣ್ಣು ಮಗು, ಯಾರಿಗೂ ಹೇಳಬೇಡಿ’ ಎಂದವರಿಗೆ

ನನ್ನ ಮಗಳಿಗೆ ಶುಗರ್ ಇದೆ. ಅವಳಿಗೆ ಹನ್ನೊಂದು ವರ್ಷ. ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ಇಷ್ಟನ್ನು ಶ್ರೀನಿವಾಸಪುರದ ನಮ್ಮ ಬೀದಿಯವರ ಎದುರು ಹೇಳುವುದಕ್ಕೆ ನನಗೆ ಒಂದು ವರ್ಷ ನಾಲ್ಕು ತಿಂಗಳು ಹಿಡಿಯಿತು.

ಎರಡು ವರ್ಷದ ಹಿಂದೆ, ಯುಗಾದಿ ಕಳೆದ ಮೇಲೆ, ಚೊಂಬುಗಟ್ಟಲೆ ನೀರು ಕುಡಿಯತೊಡಗಿದಳು. ಬಿಸಿಲಿಗೆ ಎಂದುಕೊಂಡೆವು. ಎಂದೋ ಬಿಟ್ಟಿದ್ದ ಅಭ್ಯಾಸ ಮರಳಿ ಬಂದು ರಾತ್ರಿ ಹಾಸಿಗೆ ಒದ್ದೆಯಾಗುತ್ತಿತ್ತು. ಲಂಗ ಸೊಂಟದಿಂದ ಜಾರುವಷ್ಟು ಇಳಿದುಹೋದಳು. ಬಚ್ಚಲಿಗೆ ಇರುವೆ ಮುತ್ತುವುದನ್ನು ಮೊದಲು ಗಮನಿಸಿದವರು ನಮ್ಮ ಅತ್ತೆ. ಮೊದಲು ತೋರಿಸಿದ ಕಡೆ ಮೂತ್ರದ ಸೋಂಕು ಎಂದು ಔಷಧಿ ಬರೆದುಕೊಟ್ಟರು. ವಾರದೊಳಗೆ ವಾಂತಿ, ಏದುಸಿರು, ಬಾಯಲ್ಲಿ ಹಣ್ಣು ಕೊಳೆತಂತಹ ವಾಸನೆ. ಕೋಲಾರಕ್ಕೆ ಹೊತ್ತುಕೊಂಡು ಓಡಿದೆವು. ಅಲ್ಲಿ ಬೆರಳು ಚುಚ್ಚಿ ನೋಡಿದರೆ ರಕ್ತದಲ್ಲಿ ಶುಗರ್ 486. ಒಂದು ಹನಿ ರಕ್ತ, ಒಂದು ಸ್ಟ್ರಿಪ್, ಕೆಲವೇ ಸೆಕೆಂಡುಗಳ ಕೆಲಸ. ಮಗು ವಿಪರೀತ ನೀರು ಕುಡಿದು ಪದೇ ಪದೇ ಮೂತ್ರಕ್ಕೆ ಹೋಗುತ್ತಿದೆ ಎಂದರೆ ಅದೊಂದನ್ನು ಅದೇ ದಿನ ಮಾಡಿಸಿ. ಕೈಮುಗಿದು ಕೇಳುತ್ತೇನೆ.

ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಮಾತು ಶುರುವಾಯಿತು. ‘ಮಾವಿನ ಊರಿನ ಮಗು, ಹಣ್ಣು ತಿಂದೂ ತಿಂದೂ ಬರಿಸಿಕೊಂಡಿದೆ.’ ಹಾಗಲ್ಲ. ಇದು ಟೈಪ್ 1 ಮಧುಮೇಹ. ದೇಹದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಂದುಬಿಡುತ್ತದೆ. ಅವಳು ತಿಂದ ಸಿಹಿಗೂ ಇದಕ್ಕೂ ಸಂಬಂಧವಿಲ್ಲ. ಇನ್ನೊಬ್ಬರು, ಸೂಜಿ ಬಿಡಿಸಿ ಬೇರಿನ ಕಷಾಯ ಕೊಡಿ ಎಂದರು. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಮೊದಲ ಬಾರಿಗೆ ಇನ್ಸುಲಿನ್ ಕೊಡುವವರೆಗೆ, ಇಂತಹ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಸಾವನ್ನು ಸ್ವಲ್ಪ ಮುಂದೂಡುವುದಷ್ಟೇ ವೈದ್ಯರಿಗೆ ಸಾಧ್ಯವಿತ್ತು. ಸೂಜಿ ಬಿಡಿಸಿದರೆ ನನ್ನ ಮಗಳು ಆ ಕಾಲಕ್ಕೆ ಹಿಂದಿರುಗುತ್ತಾಳೆ.

ಇವುಗಳಿಗೆಲ್ಲ ಉತ್ತರ ಕೊಡುವುದನ್ನು ಕಲಿತೆ. ನಾನು ಸೋತದ್ದು ಪ್ರೀತಿಯಿಂದಲೇ ಹೇಳಿದ ಇನ್ನೊಂದು ಮಾತಿಗೆ. ‘ಹೆಣ್ಣು ಮಗು, ಯಾರಿಗೂ ಹೇಳಬೇಡಿ. ನಾಳೆ ಗಂಡು ಸಿಗುವುದು ಕಷ್ಟ.’ ಒಂಬತ್ತು ವರ್ಷದ ಮಗುವಿನ ಮದುವೆಯ ಚಿಂತೆಗೆ ಬಿದ್ದು, ಅವಳ ಅಂದಂದಿನ ಜೀವವನ್ನು ಪಣಕ್ಕಿಟ್ಟೆ ಎಂದು ಈಗ ಅನ್ನಿಸುತ್ತದೆ.

ಮುಚ್ಚಿಡುವುದೆಂದರೆ ಏನೇನು ಎಂದು ಹೇಳುತ್ತೇನೆ. ಬಂದವರ ಕಣ್ಣಿಗೆ ಬೀಳದಿರಲಿ ಎಂದು ಇನ್ಸುಲಿನ್ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಫ್ರಿಜ್‌ನಲ್ಲಿ ಕರಿಬೇವಿನ ಹಿಂದೆ ಇಡುತ್ತಿದ್ದೆ. ಹಬ್ಬಕ್ಕೆ ಬಂದ ನೆಂಟರೊಬ್ಬರು ಜಾಗ ಮಾಡಿಕೊಳ್ಳಲು ಆ ಡಬ್ಬಿಯನ್ನು ಫ್ರೀಜರ್‌ಗೆ ಸರಿಸಿದರು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಕೆಲಸಕ್ಕೆ ಬರುವುದಿಲ್ಲ. ಡಬ್ಬಿ ಮತ್ತೆ ಕೆಳಗೆ ಬಂದಿತ್ತು, ನನಗೆ ಗೊತ್ತಿರಲಿಲ್ಲ. ಎರಡು ದಿನ ಎಷ್ಟು ಚುಚ್ಚಿದರೂ ಶುಗರ್ ಮುನ್ನೂರರಿಂದ ಇಳಿಯಲಿಲ್ಲ. ಆ ನೆಂಟರನ್ನು ದೂರುವುದು ಹೇಗೆ? ಒಳಗೆ ಏನಿದೆ ಎಂದು ಅವರಿಗೆ ನಾವೇ ಹೇಳಿರಲಿಲ್ಲ.

ಮುಳಬಾಗಿಲಿನಲ್ಲಿ ಒಂದು ಮದುವೆ. ಪಂಕ್ತಿಯಲ್ಲಿ ಕೂರುವ ಮುನ್ನ ಅವಳನ್ನು ಛತ್ರದ ಶೌಚಾಲಯಕ್ಕೆ ಕರೆದೊಯ್ದು, ಬಾಗಿಲು ಹಾಕಿ, ಒದ್ದೆ ನೆಲದಲ್ಲಿ ನಿಲ್ಲಿಸಿ ಸೂಜಿ ಚುಚ್ಚಿದೆ. ಯಾರಾದರೂ ಕೇಳಿದರೆ ಹೊಟ್ಟೆನೋವು ಎನ್ನು ಎಂದೆ. ಅಂದಿನಿಂದ ಎಲ್ಲದಕ್ಕೂ ಹೊಟ್ಟೆನೋವು ಎನ್ನುವುದನ್ನು ರೂಢಿ ಮಾಡಿಕೊಂಡಳು. ಸುಳ್ಳು ಹೇಳಬಾರದು ಎಂದು ಬೆಳೆಸಿದ ಮಗಳಿಗೆ ಅವಳ ದೇಹದ ಬಗ್ಗೆಯೇ ಸುಳ್ಳು ಹೇಳುವುದನ್ನು ಕಲಿಸಿದವಳು ನಾನು.

ಕಳೆದ ಆಗಸ್ಟ್‌ನಲ್ಲಿ ಶಾಲೆಯ ಮೈದಾನದಲ್ಲಿ ಸ್ವಾತಂತ್ರ್ಯ ದಿನದ ಕವಾಯತು ಅಭ್ಯಾಸ. ಮಗಳಿಗೆ ಲೋ ಆಯಿತು, ಅಂದರೆ ರಕ್ತದಲ್ಲಿ ಶುಗರ್ ತೀರಾ ಇಳಿಯಿತು. ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಬಿಸಿಲಿಗೆ ಸುಸ್ತಾಗಿದೆ ಎಂದು ಶಿಕ್ಷಕಿ ನೆರಳಲ್ಲಿ ಮಲಗಿಸಿದರು. ಮಲಗಿಸಿದರೆ ಶುಗರ್ ಏರುವುದಿಲ್ಲ. 70ಕ್ಕಿಂತ ಕೆಳಗಿಳಿದರೆ ಕೂಡಲೇ ಹದಿನೈದು ಗ್ರಾಂ ಗ್ಲೂಕೋಸ್, ಇಲ್ಲವೇ ಮೂರು ಚಮಚ ಸಕ್ಕರೆ ಕದಡಿದ ನೀರು; ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಅವಳ ಚೀಲದಲ್ಲಿ ಗ್ಲೂಕೋಸ್ ಪೊಟ್ಟಣವಿತ್ತು. ಅದು ಯಾಕಿದೆ ಎಂದು ಆ ಶಾಲೆಯಲ್ಲಿ ಗೊತ್ತಿದ್ದುದು ಅವಳೊಬ್ಬಳಿಗೇ, ಅವಳಿಗೆ ಮಾತು ಬರುತ್ತಿರಲಿಲ್ಲ. ಕೊನೆಗೆ ಜೊತೆಯ ಹುಡುಗಿಯೊಬ್ಬಳು, ‘ಇವಳು ಹೀಗಾದಾಗ ಇದನ್ನು ತಿನ್ನುತ್ತಾಳೆ ಟೀಚರ್’ ಎಂದು ಪೊಟ್ಟಣ ತೆಗೆದುಕೊಟ್ಟಳಂತೆ. ಮಗಳಿಗೆ ಇನ್ನೂ ನುಂಗುವಷ್ಟು ಎಚ್ಚರವಿತ್ತು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕುವಂತಿಲ್ಲ.

ಆ ಹುಡುಗಿಗೆ ಯಾರೂ ಹೇಳಿರಲಿಲ್ಲ. ಗೆಳತಿಯನ್ನು ನೋಡುತ್ತಾ ನೋಡುತ್ತಾ ತಾನೇ ಕಂಡುಕೊಂಡಿದ್ದಳು.

ಮರುದಿನ ನಾನು ಶಾಲೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಶಿಕ್ಷಕಿ ಅತ್ತರು. ‘ಮೊದಲೇ ಹೇಳಬಾರದಿತ್ತೇ ಅಮ್ಮಾ’ ಎಂದರು. ಟೈಪ್ 1 ಮಕ್ಕಳು ತರಗತಿಯಲ್ಲಿ ಶುಗರ್ ನೋಡಿಕೊಳ್ಳಲು, ಇನ್ಸುಲಿನ್ ತೆಗೆದುಕೊಳ್ಳಲು, ನಡುವೆ ಏನಾದರೂ ತಿನ್ನಲು ಬಿಡಬೇಕೆಂದು 2023ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ರಾಜ್ಯಗಳಿಗೆ ಪತ್ರ ಬರೆದಿದೆ. ನನಗದು ತಿಳಿದದ್ದು ಆಮೇಲೆ. ತಿಳಿದಿದ್ದರೂ ಏನು ಪ್ರಯೋಜನವಿತ್ತು? ಕಾಯಿಲೆಯನ್ನೇ ಬಚ್ಚಿಟ್ಟವಳು ಯಾವ ಮುಖ ಹೊತ್ತು ಅದನ್ನು ಕೇಳುತ್ತಿದ್ದೆ?

ಹೇಳಿದ ಮೇಲೆ ಕಷ್ಟವೆಲ್ಲ ಕರಗಿತೆಂದಲ್ಲ. ರಾತ್ರಿ ಮೂರಕ್ಕೆ ಎದ್ದು ಅವಳ ಬೆರಳು ಚುಚ್ಚುವುದು ನಿಂತಿಲ್ಲ, ಸ್ಟ್ರಿಪ್‌ಗಳ ಖರ್ಚು ಇಳಿದಿಲ್ಲ. ಬೀದಿಯ ಕೊನೆಯ ಮನೆಯವರು ತಮ್ಮ ಮಗಳನ್ನು ಆಟಕ್ಕೆ ಕಳಿಸುವುದನ್ನು ನಿಲ್ಲಿಸಿದರು, ಅಂಟುವ ಕಾಯಿಲೆಯೋ ಎಂಬಂತೆ. ಅದು ನನ್ನನ್ನು ಬಹಳ ನೋಯಿಸಿತು. ಆದರೆ ಈಗ ಶಿಕ್ಷಕಿಯ ಮೇಜಿನಲ್ಲಿ, ಎದುರುಮನೆಯ ಅಡುಗೆಮನೆಯಲ್ಲಿ, ಆಟೋ ಅಣ್ಣನ ಗಾಡಿಯಲ್ಲಿ ಒಂದೊಂದು ಗ್ಲೂಕೋಸ್ ಪೊಟ್ಟಣವಿದೆ. ಬೇಸಿಗೆಯಲ್ಲಿ ಕರೆಂಟು ಹೋದರೆ ಇನ್ಸುಲಿನ್ ಇಡಲು ಪಕ್ಕದ ಮನೆಯ ಅಜ್ಜಿ ಮಣ್ಣಿನ ಮಡಕೆ ಕೊಟ್ಟಿದ್ದಾರೆ, ಸುತ್ತ ಒದ್ದೆ ಮರಳು ತುಂಬಿ. ನನ್ನ ಮಗಳನ್ನು ಹತ್ತು ಜನ ಕಾಯುತ್ತಿದ್ದಾರೆ. ನಾನೊಬ್ಬಳೇ ಕಾಯುತ್ತೇನೆ ಎಂದು ಹೊರಟಿದ್ದೆನಲ್ಲ.

ಮೊನ್ನೆ ತೋಟದಿಂದ ರಸಪುರಿ ಬಂದಿತ್ತು. ನೂರು ಗ್ರಾಂ ಮಾವಿನಲ್ಲಿ ಹೆಚ್ಚುಕಡಿಮೆ ಹದಿನೈದು ಗ್ರಾಂ ಕಾರ್ಬೋಹೈಡ್ರೇಟ್. ಅಷ್ಟಕ್ಕೆ ಎಷ್ಟು ಇನ್ಸುಲಿನ್ ಎಂಬ ಲೆಕ್ಕವನ್ನು ಡಾಕ್ಟರು ಅವಳಿಗೇ ಕಲಿಸಿದ್ದಾರೆ. ಮಕ್ಕಳೆಲ್ಲ ಜಗಲಿಯ ಮೇಲೆ ಕೂತಿದ್ದರು. ಮಗಳು ತಕ್ಕಡಿ ತಂದು ಹೋಳುಗಳನ್ನು ತೂಗಿದಳು, ಲಂಗ ಸ್ವಲ್ಪ ಸರಿಸಿ, ಎಲ್ಲರ ಎದುರಿಗೇ, ತೊಡೆಗೆ ಸೂಜಿ ಚುಚ್ಚಿಕೊಂಡಳು. ಕವಾಯತಿನ ದಿನ ಪೊಟ್ಟಣ ಕೊಟ್ಟ ಆ ಹುಡುಗಿ ಪಕ್ಕದಲ್ಲೇ ಇದ್ದಳು. ‘ಎಷ್ಟು?’ ಎಂದಳು. ‘ಎರಡು ಯೂನಿಟ್’ ಎಂದು ಇವಳು ಹೋಳಿಗೆ ಕೈ ಹಾಕಿದಳು.